ಹಟ್ಟೆವ್ವನ ಹಟ್ಟಿ, ಬ್ರೊಕೊಲಿ ಮರ

ಬಲಿಪಾಡ್ಯಮಿ ದಿವಸ ನಮ್ಮ ಶಿಕಾರಿಪುರದ ಕಡೆ ಹಟ್ಟೆವ್ವನ್ನ ಇಡ್ತೀವಲ್ಲ, ಅದನ್ನ ಯಾರಾದ್ರೂ ಕಲೆ ಅಂತ ಕರೆದಿದ್ದು ನಾನು ಕೇಳಿಲ್ಲ. ಪೂಜೆ ಅಂತಾರೆ, ಹಬ್ಬದ ಕೆಲ್ಸ ಅಂತಾರೆ, ಹೋಳಿಗೆ ಹೆಂಚಿನ ಮ್ಯಾಲಿದ್ರೆ "ನಿಮ್ದು ಸಗಣಿ ಕೆಲ್ಸ ಮುಗೀತೇನ್ರೇ" ಅಂತ ಒಳಗಿಂದ ಕೂಗ್ತಾರೆ. ಆಮೇಲೆ ಹೋರಿ ಬೆದರಿಸೋ ಹಬ್ಬ. ಕೊಬ್ಬರಿ ಸರ, ಬಲೂನು ಕಟ್ಟಿಸಿಕೊಂಡು ಓಡೋ ಹೋರಿಗೆ ಹೆಸರು ಐತೆ, ಅಭಿಮಾನಿಗಳು ಅದಾರೆ, ಪೇಪರ್‌ನಾಗೆ ಫೋಟೊನೂ ಬರ್ತೈತೆ. ಬೆಳಿಗ್ಗೆ ಹೊಸ್ತಿಲ ಹತ್ರ ಕೂತು ಹೆಂಗಸರು ಕಟ್ಟಿದ ಮೊಳದಗಲದ ಹಟ್ಟಿಗೆ ಅದ್ಯಾವುದೂ ಇಲ್ಲ. ಇವತ್ತು ನಾನು ಬರೀತಿರೋದು ಅದರ ಬಗ್ಗೆ, ಮತ್ತೆ ದೂರದೂರದಾಗೆ ಇರೋ ಅದರ ನೆಂಟರ ಬಗ್ಗೆ.

ಗೊತ್ತಿಲ್ಲದ ಸೊಸೆಯಂದಿರಿಗೆ ಸ್ವಲ್ಪ ಹೇಳಿಬಿಡ್ತೀನಿ. ಆಕಳ ಹಸೀ ಸಗಣಿ ತಂದು, ಕಸಕಡ್ಡಿ ಆರಿಸಿ, ಚಪಾತಿ ಹಿಟ್ಟಿನ ಹಂಗೆ ನಾದಬೇಕು. ಗೋಪುರದ ಹಂಗೆ ಉಂಡೆ ಕಟ್ಟಿ ನೆತ್ತಿಗೆ ಚೆಂಡುಹೂ, ಹುಚ್ಚೆಳ್ಳು ಹೂ, ಉತ್ರಾಣಿ ಕಡ್ಡಿ ಸಿಗಿಸಿದ್ರೆ ಹಟ್ಟೆವ್ವ ಆದ್ಲು. ಹಾವೇರಿ ಕಡೆ ಹಟ್ಟಿ ಲಕ್ಕವ್ವ ಅಂತಾರೆ. ಇನ್ನೂ ಬಡಗಲಾಗೆ, ಗದಗ, ಬಾಗಲಕೋಟೆ ಕಡೆ, ಇಂಥವೇ ಸಗಣಿ ಉಂಡೆಗೆ ಪಾಂಡವರು ಅಂತ ಹೆಸರು. ಕೆಲವ್ರು ಉಂಡೆ ಇಟ್ಟು ಅಷ್ಟಕ್ಕೇ ಕೈ ತೊಳ್ಕೊಂತಾರೆ. ನಮ್ಮತ್ತೆ ಹಂಗಲ್ಲ. ಹಟ್ಟೆವ್ವನ ಮುಂದೆ ಆಕೆ ಇಡೀ ಹಟ್ಟೀನೇ ಕಟ್ಟೋರು.

ನಾನು ಸೊರಬ ತಾಲ್ಲೂಕಿನವಳು. ನಮ್ಮ ತವರಿನ ಕಡೆ ದೀಪಾವಳಿ ಅಂದ್ರೆ ಅಂಟಿಗೆ ಪಂಟಿಗೆಯವರು ರಾತ್ರಿ ದೀಪ ಹಿಡಕೊಂಡು ಮನೆ ಮನೆಗೆ ಹಾಡ್ತಾ ಬರೋದು. ಈ ಹಟ್ಟಿ ಕಟ್ಟೋದನ್ನ ನಾನು ನೋಡಿದ್ದು 1991ರಾಗೆ ಮದುವೆ ಆಗಿ ಇಲ್ಲಿಗೆ ಬಂದ ಮ್ಯಾಲೆ. ಸಗಣಿ ಬದಿ ಕಟ್ಟಿ ಅಂಗಳ. ಅದರೊಳಗೆ ಗೊಂತು, ಒರಳು, ಬೀಸೋಕಲ್ಲು. ಕಸಬರಿಗೆ ಕಡ್ಡಿ ಚುಚ್ಚಿ ಕಣದ ಮೇಟಿ. ಹುಲ್ಲೆಸಳು ಕತ್ತರಿಸಿ ಒಟ್ಟಿದ ಬಣವೆ. ಹುಣಸೆಬೀಜ ಎಲ್ಲಾ ಎಮ್ಮೆ, ಅಲಸಂದೆಕಾಳು ಎಲ್ಲಾ ಆಕಳು, ಹೆಸರುಕಾಳು ಕೋಳಿ ಮರಿ. ಎತ್ತು ಮಾತ್ರ ಕಾಳಿಂದಲ್ಲ, ಸಗಣಿಯಾಗೇ ತಿದ್ದಿ, ಕಡ್ಡಿಯ ಕೋಡು ಇಟ್ಟು ಮಾಡೋರು. "ದುಡಿಯೋವು ಕೈಯಾಗೇ ಆಗಬೇಕು" ಅಂತ ಆಕೆಯ ಲೆಕ್ಕ. ಅಳತೆ ಅಂತ ಏನೂ ಇರ್ಲಿಲ್ಲ ಅಂದ್ಕೋಬ್ಯಾಡ್ರಿ. ಎತ್ತು ಹೆಬ್ಬೆರಳಿನಷ್ಟು, ಬಾಗಿಲು ಎತ್ತಿಗಿಂತ ಒಂದು ಗೆಣ್ಣು ಎತ್ತರ. ಎತ್ತು ಒಳಗೆ ಹೋಗಲ್ಲ ಅಂದ್ರೆ ಬಾಗಿಲು ಕೆಡವಿ ಮತ್ತೆ ಕಟ್ಟೋರು.

ಅದೇ ದಿವಸ, ಅಂದ್ರೆ ಕಾರ್ತಿಕ ಶುದ್ಧ ಪಾಡ್ಯದಂದೇ, ಮಥುರಾ ವೃಂದಾವನದ ಕಡೆ ಗೋವರ್ಧನ ಪೂಜೆ. ಅಲ್ಲಿನ ಹೆಂಗಸರೂ ಅಂಗಳದಾಗೆ ಸಗಣಿಯಲ್ಲಿ ಮಲಗಿದ ಮನುಷ್ಯನ ಹಂಗೆ ಬೆಟ್ಟ ಮಾಡ್ತಾರೆ, ಹೊಕ್ಕುಳ ಕುಳಿಗೆ ಹಾಲು ಮೊಸರು ಹಾಕ್ತಾರೆ, ಕಡ್ಡಿಗೆ ಹತ್ತಿ ಸುತ್ತಿ ಗಿಡಮರ ನೆಡ್ತಾರೆ, ಸುತ್ತ ದನಕರು ಇಡ್ತಾರೆ. ಅವರ ಭಾಷೆ ನಮಗೆ ಬರಲ್ಲ, ನಮ್ಮದು ಅವ್ರಿಗೆ ಬರಲ್ಲ, ಆದ್ರೂ ಒಂದೇ ಬೆಳಗಿನಾಗೆ ಎರಡು ಕಡೆ ಒಂದೇ ಸಗಣಿ, ಒಂದೇ ಕಡ್ಡಿ. ಧಾರವಾಡ, ಗದಗದ ಕಡೆ ಮಣ್ಣೆತ್ತಿನ ಅಮಾಸೆಗೆ ಜೇಡಿಮಣ್ಣಿನ ಜೋಡೆತ್ತು ಮಾಡ್ತಾರೆ, ಎತ್ತಿನ ಜೊತೆ ಗ್ವಾದಲಿನೂ ಮಾಡ್ತಾರೆ. ಈ ಗ್ವಾದಲಿ ನನಗೆ ಭಾಳ ಇಷ್ಟ. ಎತ್ತನ್ನ ಪೂಜೆ ಮಾಡಿದ್ರೆ ಸಾಕಲ್ಲ? ಸಾಕಾಗಲ್ಲ, ಅದಕ್ಕೆ ಮೇವು ಹಾಕೋ ಜಾಗ ಬೇಕು. ಗೊಂಬೆ ಒಂಟಿಯಾಗಿದ್ದಾಗ ಬರೀ ಗೊಂಬೆ. ಮುಂದೊಂದು ಗ್ವಾದಲಿ ಇಟ್ಟ ಕೂಡಲೇ ಅಲ್ಲೊಂದು ಮನೆ ಹುಟ್ಟುತ್ತೆ, ಹಸಿವು ಹುಟ್ಟುತ್ತೆ, ಹುಲ್ಲು ತರೋ ಒಬ್ಬಾಕೆ ಹುಟ್ತಾಳೆ.

ಹಿಂಗೆ ಒಂದು ಜಾಗದ ಸಮೇತ ಕಟ್ಟಿದ ಪುಟ್ಟ ದೃಶ್ಯಕ್ಕೆ ಈಗ ಡಯೋರಾಮ ಅನ್ನೋ ಹೆಸರು ಬಳಕೆಯಾಗೆ ಐತೆ. ತಮಾಷೆ ಅಂದ್ರೆ ಆ ಹೆಸರು ಹುಟ್ಟಿದ್ದು ಪುಟ್ಟದಕ್ಕಲ್ಲ. 1822ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಡಾಗೆರ್ ಅನ್ನೋರು ಒಂದು ದೊಡ್ಡ ಕಟ್ಟಡದಾಗೆ ಗೋಡೆಯಗಲದ ಬಟ್ಟೆ ಮೇಲೆ ಚಿತ್ರ ಬರೆಸಿ, ಹಿಂದೆ ಮುಂದೆ ಬೆಳಕು ಆಡಿಸಿ, ಕತ್ತಲಲ್ಲಿ ಕೂತ ಜನರಿಗೆ ಹಗಲು ರಾತ್ರಿ ಆಗೋದನ್ನ ತೋರಿಸ್ತಿದ್ರು. ಅದಕ್ಕೆ ಇಟ್ಟ ಹೆಸರು ಡಯೋರಾಮ. 1839ರಲ್ಲಿ ಆ ಕಟ್ಟಡ ಬೆಂಕಿಗೆ ಹೋಯ್ತು. ಅದೇ ವರ್ಷ ಅದೇ ಡಾಗೆರ್ ಕಂಡುಹಿಡಿದ ಫೋಟೊ ತೆಗೆಯೋ ವಿದ್ಯೆ ಲೋಕಕ್ಕೆ ಗೊತ್ತಾಯ್ತು. ಹೆಸರು ಮಾತ್ರ ಉಳಕೊಂಡು, ಆಮೇಲೆ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗೆ, ಅಲ್ಲಿಂದ ಮೇಜಿನ ಮೇಲಿನ ಪುಟ್ಟ ಲೋಕಕ್ಕೆ ಇಳೀತು.

ಹೆಸರು ಅಲ್ಲಿಂದು, ಪದ್ಧತಿ ಅಲ್ಲಿಂದಲ್ಲ. ನಮ್ಮ ಎರಡು ತಾಲ್ಲೂಕಿನ ಕೆರೆ ಏರಿ, ಗುಡಿ ಹಿಂದೆ, ಹೊಲದ ಬದುವಿನಾಗೆ ನಿಂತಿರೋ ವೀರಗಲ್ಲುಗಳನ್ನೇ ಒಂದ್ಸಲ ಬಗ್ಗಿ ನೋಡ್ರಿ. ಹುಡುಗ್ರು ಬಟ್ಟೆ ಒಣಹಾಕೋ ಕಲ್ಲು ಅಂತ ಬಿಟ್ಟಿರ್ತಾರೆ. ಒಂದು ಕಲ್ಲಿನಾಗೆ ಸಾಮಾನ್ಯವಾಗಿ ಮೂರು ಅಂಕಣ. ಕೆಳಗಿನದರಲ್ಲಿ ಜಗಳ, ನಡುವೆ ಸತ್ತ ವೀರನ್ನ ಅಪ್ಸರೆಯರು ಕರಕೊಂಡು ಹೋಗೋದು, ಮ್ಯಾಲೆ ಕೈಲಾಸ, ಲಿಂಗ. ದನ ಹೊಡಕೊಂಡು ಹೋಗೋ ಕಳ್ಳರ ಜೊತೆ ಕಾದಾಡಿ ಸತ್ತವರದ್ದಾದ್ರೆ ಅದಕ್ಕೆ ತುರುಗೋಳ್ ಅಂತಾರೆ, ಕೆಳಗಿನ ಅಂಕಣದಾಗೆ ದನಗಳ ಸಾಲೂ ಇರುತ್ತೆ. ವೀರ ದೊಡ್ಡವನು, ದನ ಹೆಬ್ಬೆರಳಿನಷ್ಟು. ಕೋಡು, ಬಾಲ ಎಲ್ಲಾ ಗೊತ್ತಾಗ್ತದೆ. ನಮ್ಮತ್ತೆಯ ಎತ್ತಿನಷ್ಟೇ ಅಳತೆ! ಪಕ್ಕದಾಗೇ ಮಾಸ್ತಿಕಲ್ಲು ಇದ್ರೆ ಅದರ ಮ್ಯಾಲೆ ಬಳೆ ತೊಟ್ಟ ಒಂದು ತೋಳು. ಗಂಡಸು ಸತ್ತಿದ್ದಕ್ಕೆ ಮೂರು ಅಂತಸ್ತಿನ ಕತೆ, ಹೆಂಗಸು ಸತ್ತಿದ್ದಕ್ಕೆ ಒಂದು ತೋಳು. ಇರ್ಲಿ, ಅದು ಬೇರೆ ದಿವಸ ಬರೀತೀನಿ.

ಬಳ್ಳಿಗಾವಿಗೆ ನೆಂಟರನ್ನ ಕರಕೊಂಡು ಹೋದಾಗ ಕೇದಾರೇಶ್ವರ ಗುಡಿ ಸುತ್ತಿ ಬರ್ತೀರಲ್ಲ, ಇನ್ನೊಮ್ಮೆ ಹೋದಾಗ ಶಿಖರ ಪೂರ್ತಿ ನೋಡೋ ಬದಲು ತುಂಡು ತುಂಡಾಗಿ ನೋಡ್ರಿ. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳ ಶಿಖರ ಅಂದ್ರೆ ಪುಟ್ಟ ಪುಟ್ಟ ಗುಡಿಗಳನ್ನೇ ಒಂದರ ಮೇಲೊಂದು ಪೇರಿಸಿದ ಹಂಗೆ. ಗುಡಿ ಕಟ್ಟಿದವ್ರಿಗೂ ಗುಡಿಯ ಮೇಲೆ ಗುಡಿಯ ಗೊಂಬೆ ಇಡೋ ಆಸೆ ಇತ್ತು ಅನ್ನೋದು ನನಗೆ ಒಂಥರಾ ಖುಷಿ ಕೊಡೋ ಮಾತು.

ಇನ್ನೂ ಹಿಂದಕ್ಕೆ ಹೋದ್ರೆ ಹರಪ್ಪ, ಮೊಹೆಂಜೊದಾರೋ. ಸುಮಾರು 4500 ವರ್ಷದ ಹಿಂದಿನ ಮಣ್ಣಿನ ಆಟದ ಗಾಡಿಗಳು ಅಲ್ಲಿ ಸಿಕ್ಕಿದಾವೆ, ತಲೆ ಅಲ್ಲಾಡಿಸೋ ಮಣ್ಣಿನೆತ್ತೂ ಸಿಕ್ಕಿದೆ. ಶೂದ್ರಕನ ಮೃಚ್ಛಕಟಿಕ ನಾಟಕಕ್ಕೆ ಹೆಸರು ಬಂದಿದ್ದೂ ಮಣ್ಣಿನ ಗಾಡಿಯಿಂದಲೇ. ನೆರೆಮನೆ ಹುಡುಗನ ಚಿನ್ನದ ಗಾಡಿ ನೋಡಿದ ಮಗು, ತನಗೆ ಕೊಟ್ಟ ಮಣ್ಣಿನ ಗಾಡಿ ಬ್ಯಾಡ ಅಂತ ಅಳ್ತದೆ. ವಸಂತಸೇನೆ ತನ್ನ ಒಡವೆ ಬಿಚ್ಚಿ ಆ ಮಣ್ಣಿನ ಗಾಡಿ ತುಂಬ ಹಾಕಿ ಕೊಡ್ತಾಳೆ. ಪಿಯುಸಿಯಾಗೆ ನಮ್ಮ ಮೇಷ್ಟ್ರು ಈ ಕತೆ ಹೇಳಿದಾಗ ವಸಂತಸೇನೆ ಎಷ್ಟು ಒಳ್ಳೇಳು ಅನಿಸಿತ್ತು. ಈಗ ಅನಿಸೋದು, ಆ ಮಣ್ಣಿನ ಗಾಡಿ ಮಾಡಿದ ಕೈ ಯಾರದ್ದೋ, ಆಕೆಗೆ ಹೆಂಗನಿಸಿರಬೇಕು ಅಂತ.

ಚಿನ್ನದ ಗಾಡಿ, ಮಣ್ಣಿನ ಗಾಡಿ ಅನ್ನೋ ಈ ಭೇದ ಲೋಕದ ತುಂಬ ಐತೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಪೆಟ್ರೊನೆಲ್ಲಾ ಊರ್ಟ್‌ಮನ್ ಅಂತ ರೇಷ್ಮೆ ವ್ಯಾಪಾರಿಯ ಹೆಂಡತಿ ಇದ್ಲು, ಮುನ್ನೂರು ವರ್ಷದ ಹಿಂದೆ. ಒಂದು ಬೀರುವಿನೊಳಗೆ ಆಕೆ ಮಾಡಿಸಿದ ಗೊಂಬೆ ಮನೆ ಈಗ ಅಲ್ಲಿನ ರೈಕ್ಸ್ ಮ್ಯೂಸಿಯಂನಲ್ಲಿ ಐತೆ. ಅಡುಗೆಮನೆ, ಬಾಣಂತಿ ಕೋಣೆ, ಬಟ್ಟೆ ಒಣಗಿಸೋ ಕೋಣೆ ಎಲ್ಲಾ ಅದರಾಗೆ ಉಂಟು. ಬೆರಳುದ್ದದ ಪಿಂಗಾಣಿ ಸಾಮಾನನ್ನ ಚೀನಾದಿಂದ ತರಿಸಿದ್ಲು. ಅದಕ್ಕೆ ಆಕೆ ಸುರಿದ ದುಡ್ಡಲ್ಲಿ ಕಾಲುವೆ ದಂಡೆ ಮ್ಯಾಲೆ ನಿಜವಾದ ಮನೇನೇ ಕೊಳ್ಳಬಹುದಿತ್ತು. ಇಂಗ್ಲೆಂಡಿನ ಮೇರಿ ರಾಣಿಗಂತೂ 1924ಕ್ಕೆ ಮುಗಿದ ಗೊಂಬೆ ಮನೆಯನ್ನ ಕಟ್ಟಿಕೊಟ್ಟಿದ್ದು ಎಡ್ವಿನ್ ಲ್ಯುಟೆನ್ಸ್, ನಮ್ಮ ದಿಲ್ಲಿಯ ರಾಷ್ಟ್ರಪತಿ ಭವನದ ನಕ್ಷೆ ಮಾಡಿದವರೇ. ಒಂದು ಅಡಿಗೆ ಒಂದು ಇಂಚಿನ ಲೆಕ್ಕ. ನಲ್ಲಿಯಾಗೆ ನೀರೂ ಬರ್ತಿತ್ತು, ಕರೆಂಟೂ ಇತ್ತು. ಅವನ್ನ ಫೋಟೊದಾಗೆ ನೋಡಿ ನನಗೆ ಬಾಯಿ ಬಿಟ್ಟುಕೊಂಡು ನೋಡೋ ಹಂಗಾಯ್ತು, ಸುಳ್ಳು ಯಾಕೆ ಹೇಳಲಿ. ಆದ್ರೆ ಅವು ಸಣ್ಣದಾದ ದೊಡ್ಡ ಸಾಮಾನುಗಳು, ಅಷ್ಟೇ. ಸಣ್ಣ ಬೆಳ್ಳಿ ಚಮಚ ಬೆಳ್ಳಿ ಚಮಚಾನೇ. ಹುಣಸೆಬೀಜ ಎಮ್ಮೆ ಆಗೋದು ಬೇರೆ ವಿದ್ಯೆ.

ಮೈಸೂರಿನವರ ದಸರಾ ಗೊಂಬೆಯಲ್ಲಿ ಎರಡೂ ವಿದ್ಯೆ ಸೇರ್ಕೊಂಡಿದಾವೆ. ರಾಜಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದ್ರು, ಅರಮನೆಯಾಗೆ ಗೊಂಬೆ ತೊಟ್ಟಿ ಅಂತಲೇ ಒಂದು ಜಾಗ ಐತೆ. ಮನೆಗಳಲ್ಲಿ ಮೇಲಿನ ಮೆಟ್ಟಿಲಿಗೆ ಪಟ್ಟದ ಗೊಂಬೆ, ತಾಯಿ ಮಗಳಿಗೆ ಮದುವೆಯಾಗೆ ಕೊಡೋ ರಾಜ ರಾಣಿ. ಅದು ಸರಿ. ಆದ್ರೆ ಮೈಸೂರಿನ ನಮ್ಮ ಚಿಕ್ಕಮ್ಮನ ಬೀದಿಯಾಗೆ ಗೊಂಬೆ ನೋಡಲು ಹೋದಾಗೆಲ್ಲ ನನ್ನ ಕಣ್ಣು ಕೆಳಗಡೆಗೇ. ಅಲ್ಲಿ ಶೆಟ್ಟಿ ಶೆಟ್ಟಿತಿ ಅಂಗಡಿ ಇಟ್ಟು ಕೂತಿರ್ತಾರೆ, ಮುಂದೆ ನಿಜವಾದ ಅಕ್ಕಿ, ಬೇಳೆ, ಸಾಸಿವೆ ರಾಶಿ. ರಾಗಿ ಚೆಲ್ಲಿ ಮೊಳಕೆ ಬರಿಸಿದ ಪಾರ್ಕು. ಮುಖ ನೋಡೋ ಕನ್ನಡಿ ಅಂಗಾತ ಮಲಗಿದ್ರೆ ಕೆರೆ. ಪಟ್ಟದ ಗೊಂಬೆ ನೋಡಿ ಕೈ ಮುಗೀತಾರೆ. ಕನ್ನಡಿ ಕೆರೆ ನೋಡಿದವ್ರು ಮಾತ್ರ ಕುಕ್ಕರಗಾಲಲ್ಲಿ ಕೂತುಬಿಡ್ತಾರೆ, ಎಂಟು ವರ್ಷದವ್ರೂ, ಎಂಬತ್ತು ವರ್ಷದವ್ರೂ.

ನಮ್ಮ ಸೊರಬದ ಗುಡಿಗಾರರ ಬೆಂಡಿನ ಕೆಲಸಾನೂ ಇದೇ ಜಾತಿದು. ಗಂಧದ ಕೆತ್ತನೆಗೆ ಸೊರಬ ಸಾಗರದ ಗುಡಿಗಾರರ ಹೆಸರು ಎಲ್ಲರಿಗೂ ಗೊತ್ತು. ಬೆಂಡು ಅಂದ್ರೆ ಕೆರೆಯಾಗೆ ಬೆಳೆಯೋ ಒಂದು ಗಿಡದ ಕಾಂಡ, ಬಾಚಿ ಎಸೆಯೋ ಅಂಥದ್ದು. ಅದನ್ನ ಒಣಗಿಸಿ, ಸಿಪ್ಪೆ ತೆಗೆದು, ಕಾಗದಕ್ಕಿಂತ ತೆಳ್ಳಗೆ ಸುಲಿದು ಮಲ್ಲಿಗೆ ಮೊಗ್ಗು ಮಾಡ್ತಾರೆ, ಬಾಸಿಂಗ ಕಟ್ತಾರೆ. ನನ್ನ ಮದುವೇಲಿ ಹಣೆಗೆ ಕಟ್ಟಿದ ಬಾಸಿಂಗ ಬೆಂಡಿಂದೇ. ಹೂವಿಗಿಂತ ಹಗುರ, ಬಾಡೋದಿಲ್ಲ.

ಈಗ ಬ್ರೊಕೊಲಿ ಮರದ ಮಾತು. ಮಗಳು ಫೋನಿನಾಗೆ ಜಪಾನಿನ ತತ್ಸುಯಾ ತನಾಕ ಅನ್ನೋರ ಚಿತ್ರ ತೋರಿಸಿದ್ಲು. 2011ರ ಏಪ್ರಿಲ್ 20ರಿಂದ ದಿನಕ್ಕೊಂದರಂತೆ ಮಾಡ್ತಾ ಬಂದಿದಾರಂತೆ. ಅಡುಗೆಮನೆ, ಕಚೇರಿ ಸಾಮಾನು ತಗೊಂಡು, ಅದರ ಪಕ್ಕ ಆಟದ ರೈಲಿನ ಜೊತೆ ಬರ್ತಾವಲ್ಲ, ಅಷ್ಟು ಸಣ್ಣ ಮನುಷ್ಯರನ್ನ ನಿಲ್ಲಿಸ್ತಾರೆ. ಹಸಿರು ಹೂಕೋಸಿನಂಥ ಬ್ರೊಕೊಲಿ ಕಾಡಿನ ಮರ ಆಗುತ್ತೆ. ಒಂದನ್ನ ಇನ್ನೊಂದಾಗಿ ನೋಡೋದಕ್ಕೆ ಜಪಾನಿನವರು ಮಿತಾತೆ ಅಂತಾರೆ, ಅವರಲ್ಲಿ ಹಳೇ ಪದ. "ಎಷ್ಟು ಐಡಿಯಾ ನೋಡಮ್ಮ" ಅಂದ್ಲು ಮಗಳು. ನಾನೂ ಒಪ್ಪಿದೆ, ಒಂದೊಂದೂ ನೋಡಿ ನಗು ಬಂತು. ಆಮೇಲೆ ಅಂದೆ, "ನಿಮ್ಮಜ್ಜಿ ಹತ್ರಾನೂ ಇತ್ತಲ್ಲೇ ಈ ಮಿತಾತೆ."

ಯಾಕೆ ಇವು ಹಿಂಗೆ ಹಿಡಿದು ನಿಲ್ಲಿಸ್ತಾವೆ ಅಂತ ನಾನು ಸುಮಾರು ದಿವಸ ತಲೆ ಕೆಡಿಸಿಕೊಂಡಿದೀನಿ. ಸಣ್ಣದು ಮುದ್ದಾಗಿರುತ್ತೆ ಅಂತ ಸುಮ್ನೆ ಹೇಳ್ತಾರೆ, ನನಗದು ಪೂರ್ತಿ ಸರಿ ಅನ್ಸಲ್ಲ. ಆಟದ ಪ್ಲಾಸ್ಟಿಕ್ ಮರವೂ ಸಣ್ಣದೇ, ಅದನ್ನ ಯಾರು ಎರಡನೇ ಸಲ ನೋಡ್ತಾರೆ? ಕಣ್ಣಿಗೆ ಬ್ರೊಕೊಲಿ ಬ್ರೊಕೊಲಿಯಾಗಿಯೇ ಕಾಣಬೇಕು, ಅದೇ ಗಳಿಗೆಯಾಗೆ ಮರವೂ ಆಗಬೇಕು. ಎರಡರ ನಡುವೆ ಮನಸ್ಸು ಉಯ್ಯಾಲೆ ಆಡ್ತದೆ. ಅದಕ್ಕೆ ಆ ಸಾಮಾನಿನ ಗುರುತು ಮೊದಲೇ ಇರಬೇಕು. ಹುಣಸೆಬೀಜದ ಹೊಳಪು ನೋಡಿದ ಕೂಡಲೇ ಈಗಷ್ಟೇ ಮೈ ತೊಳೆಸಿಕೊಂಡು ಕೆರೆಯಿಂದ ಎದ್ದ ಎಮ್ಮೆ ನೆನಪಾಗಬೇಕಾದ್ರೆ, ನೀವು ಹುಣಸೆಹಣ್ಣು ಬಿಡಿಸಿರಬೇಕು, ಎಮ್ಮೆ ಮೈನೂ ತೊಳೆದಿರಬೇಕು.

ಮೊಮ್ಮಗಳಿಗೆ ಶಾಲೆಯಾಗೆ "ನಮ್ಮ ಹಳ್ಳಿ" ಅಂತ ಮಾಡೆಲ್ ಮಾಡಿಕೊಂಡು ಬರಲು ಹೇಳಿದ್ರು. ಅಂಗಡಿಯಾಗೆ ಅದಕ್ಕೇ ಅಂತ ಕಿಟ್ ಸಿಗುತ್ತೆ. ಥರ್ಮಾಕೋಲ್ ಹಲಗೆ, ಹಸಿರು ಹುಡಿ, ಕಾಗದದ ಮನೆ. ಆ ಮನೆಗೆ ಹೊಗೆಗೂಡು ಐತೆ, ಇಳಿಜಾರು ಕೆಂಪು ಮಾಡು, ಸುತ್ತ ಬಿಳೀ ಬೇಲಿ. ಅಡಿಕೆ ಮರ ಒಂದೂ ಇಲ್ಲ, ಮೆಕ್ಕೆಜೋಳ ಇಲ್ಲ, ತಿಪ್ಪೆ ಇಲ್ಲ. ತಿಪ್ಪೆ ಇಲ್ಲದ ಹಳ್ಳಿ ಯಾವ ದೇಶದಾಗೆ ಇರ್ತದೋ. ನಾವಿಬ್ರೂ ಕೂತು ಅಡಿಕೆ ಹಾಳೆ ಕತ್ತರಿಸಿ ಮನೆ, ಅಡಿಕೆ ಸಿಪ್ಪೆ ಬಿಡಿಸಿ ಬಣವೆ, ಕಾಫಿಪುಡಿ ಚರಟ ಒಣಗಿಸಿ ಉತ್ತ ಹೊಲ ಮಾಡಿದ್ವಿ. ನೀಟಾಗಿಲ್ಲ ಅಂತ ಹತ್ತಕ್ಕೆ ಆರು ಕೊಟ್ರು. ಕಿಟ್ಟಿನವರಿಗೆ ಒಂಬತ್ತು. ಹುಡುಗಿ ಮುಖ ಚಿಕ್ಕದು ಮಾಡ್ಕೊಂಡು ಬಂದ್ಲು, ಅದಕ್ಕೆ ನನಗೆ ಇನ್ನೂ ಸಿಟ್ಟೈತೆ. ಅಂಕಕ್ಕಲ್ಲ. ತನ್ನ ಊರು ತನ್ನ ಊರಿನ ಹಂಗೆ ಇದ್ದಿದ್ದೇ ತಪ್ಪು ಅಂತ ಏಳು ವರ್ಷದ ಕೂಸಿಗೆ ತಿಳಿಸಿಬಿಟ್ರಲ್ಲ, ಅದಕ್ಕೆ.

ಅತ್ತೆಯ ಹಟ್ಟಿಯಾಗೆ ಊರು ಯಾವಾಗ್ಲೂ ಆ ವರ್ಷದ್ದೇ ಆಗಿರ್ತಿತ್ತು. ಹೊಲಕ್ಕೆ ಬೋರು ಹಾಕಿಸಿದ ವರ್ಷ, ಸೇದೋ ಬಾವಿ ಪಕ್ಕ ಟಾರ್ಚಿನ ಹಳೇ ಸೆಲ್ಲು ನಿಲ್ಲಿಸಿ ಪಂಪ್‌ಸೆಟ್ ಮಾಡಿದ್ರು. ಭಾವ ಟ್ರ್ಯಾಕ್ಟರ್ ತಂದ ವರ್ಷ ಬೆಂಕಿಪೊಟ್ಟಣ ಬಂತು, ಹಿಂದೆ ಎರಡು ಕೋಟಿನ ಗುಂಡಿ, ಮುಂದೆ ಎರಡು ಅಂಗಿ ಗುಂಡಿ. ಬೀಸೋಕಲ್ಲು ಯಾವಾಗ ಹೋಯ್ತು, ಕಣದ ಮೇಟಿ ಯಾವಾಗ ಕಿತ್ತರು, ಹಂಚು ತೆಗೆದು ಆರ್‌ಸಿಸಿ ಯಾವಾಗ ಬಂತು, ಎಲ್ಲಾ ಆ ಅಂಗಳದಾಗೆ ದಾಖಲಾಗ್ತಿತ್ತು. ಮೂರು ದಿನಕ್ಕೆ ಒಣಗಿ ಬಿರುಕು ಬಿಡ್ತಿತ್ತು, ಕೋಳಿ ಬಂದು ಅಲಸಂದೆ ಆಕಳನ್ನೆಲ್ಲಾ ತಿಂದು ಹೋಗ್ತಿತ್ತು, ಉಳಿದಿದ್ದು ಒಲೆಗೆ. ಇಪ್ಪತ್ತಾರು ದೀಪಾವಳಿ ನಾನು ಆಕೆ ಪಕ್ಕ ಕೂತು ನಾದಿ ಕೊಟ್ಟಿದೀನಿ. ಒಂದು ಫೋಟೊ ಇಲ್ಲ. ಹೋರಿ ಫೋಟೊ ನಡುಮನೆಯಾಗೆ ಮೂರು ನೇತಾಡ್ತಾವೆ.

ಟ್ರ್ಯಾಕ್ಟರ್ ಬಂದ ಎರಡು ವರ್ಷಕ್ಕೆ ಕೊನೇ ಜೋಡೆತ್ತು ಮಾರಿದ್ರು. ಆ ದೀಪಾವಳಿಗೆ ಆಕೆ ಎತ್ತು ಮಾಡಲ್ಲ ಅಂದ್ಕೊಂಡಿದ್ದೆ. ಎಂದಿಗಿಂತ ದೊಡ್ಡದಾಗಿ ಮಾಡಿದ್ರು, ಕೊರಳಿಗೆ ಎಳ್ಳುಕಾಳಿನ ಗೆಜ್ಜೆಸರ ಬ್ಯಾರೆ. "ಎತ್ತು ಈಗೆಲ್ಲದಾವೆ ಅತ್ತೆ" ಅಂತ ನಾದಿನಿ ಮಗಳು ಕೇಳಿದ್ದಕ್ಕೆ ಅತ್ತೆ ತಲೆ ಎತ್ತದೇ, "ಮನ್ಯಾಗಿಲ್ಲ ಅಂತ ಹಟ್ಟ್ಯಾಗೂ ಇರಬ್ಯಾಡ್ವೇನೇ" ಅಂದ್ರು. ಆಮೇಲೆ ಎಷ್ಟೋ ಹೊತ್ತು ಆ ಎತ್ತಿನ ಬೆನ್ನು ತಿದ್ದುತ್ತಾನೇ ಇದ್ರು.

ಈಗ ಆಕೆ ಇಲ್ಲ. ಕೊಟ್ಟಿಗೆ ಇದ್ದ ಜಾಗದಾಗೆ ಕಾರು ನಿಲ್ತದೆ. ಹೊಸ್ತಿಲಿಗೆ ಗ್ರಾನೈಟು ಹಾಕಿಸಿದ ಮ್ಯಾಲೆ ಅದರ ಮ್ಯಾಲೆ ಸಗಣಿ ಬ್ಯಾಡ, ಕಲೆ ಬೀಳ್ತದೆ ಅಂತ ಒಬ್ರು, ಎರಡು ಉಂಡೆ ಶಾಸ್ತ್ರಕ್ಕೆ ಇಟ್ರೆ ಸಾಕು ಅಂತ ಇನ್ನೊಬ್ರು. ನಾನು ಹಳೇ ಅಡಿಕೆ ಒಣಗಿಸೋ ತಟ್ಟಿ ಒಂದನ್ನ ಬಾಗಿಲಲ್ಲಿ ಹಾಸಿ, ಎದುರುಮನೆ ಅಕ್ಕಾರ ಹತ್ರ ಒಂದು ಪುಟ್ಟಿ ಸಗಣಿ ಇಸ್ಕೊಂಡು ಅದರ ಮ್ಯಾಲೇ ಕಟ್ತೀನಿ. ನನ್ನ ಎತ್ತು ಇನ್ನೂ ನಾಯಿ ಹಂಗೇ ಕಾಣ್ತಾವೆ. ಹೋದ ವರ್ಷ ಮೊಮ್ಮಗಳೂ ಕೂತಿದ್ಲು. ಗೊಂತು, ಬಣವೆ ಎಲ್ಲಾ ಆದ ಮ್ಯಾಲೆ ಕಸಬರಿಗೆ ಕಡ್ಡಿ ನಾಲ್ಕು ಜೋಡಿಸಿ, ದಾರ ಸುತ್ತಿ, ತುದಿಗೆ ಒಂದು ಮೆಣಸಿನಕಾಳು ಅಂಟಿಸಿ ಹಟ್ಟೆವ್ವನ ಬಲಕ್ಕೆ ನೆಟ್ಲು. ಏನೇ ಅದು ಅಂದೆ. ಮೊಬೈಲ್ ಟವರ್ ಅಂದ್ಲು. ದೇವರ ಪಕ್ಕ ಅದೆಲ್ಲಾ ಬ್ಯಾಡ ಅಂತ ನಮ್ಮನೆಯವ್ರು ತೆಗೆಯೋಕೆ ಬಂದ್ರು. ಇರ್ಲಿ ಬಿಡ್ರಿ, ಬೋರಿನ ಪಂಪೂ ಒಂದು ಕಾಲದಾಗೆ ಹಿಂಗೇ ಬಂದಿದ್ದು ಅಂದೆ. ಕುಂಕುಮ ಹಚ್ಚುವಾಗ ಟವರಿಗೂ ಒಂಚೂರು ಹಚ್ಚಿದ್ಲು, ಹೋಳಿಗೆ ಚೂರು ಅದರ ಬುಡಕ್ಕೂ ಇಟ್ಲು. ಸಾಯಂಕಾಲ ನೋಡಿದ್ರೆ ಅದಕ್ಕೆಲ್ಲಾ ಇರುವೆ ಹತ್ತಿತ್ತು.